ಇಳಿಯುವ ವಿಮಾನಗಳ ನಡುವಣ ಅಂತರ

ನಿಲ್ದಾಣವನ್ನು ಸಮೀಪಿಸುವ ವಿಮಾನಗಳನ್ನು ಸಾವಿರ ಅಡಿಗಳ ಅಂತರದಲ್ಲಿ, ಒಂದರ ಮೇಲೊಂದರಂತೆ ಬೇರಿರಿಸುವುದು ವಾಡಿಕೆ. 1996ರ ನವೆಂಬರ್ 12ರಂದು ದೆಹಲಿಗೆ ಇಳಿಯುತ್ತಿದ್ದ ಕಜಕ್ ವಿಮಾನವು 15,000 ಅಡಿಯಲ್ಲಿ ನಿಲ್ಲದೆ ಕೆಳಗಿಳಿದು, 14,000 ಅಡಿಯಲ್ಲಿ ಎದುರಾದ ಸೌದಿ ವಿಮಾನಕ್ಕೆ ಡಿಕ್ಕಿ ಹೊಡೆಯಿತು. 349 ಮಂದಿ ಮಡಿದರು. ದೆಹಲಿಯ ಅಂದಿನ ರೇಡಾರು ವಿಮಾನದ ದೂರ, ದಿಕ್ಕುಗಳನ್ನು ತೋರುತ್ತಿತ್ತೇ ಹೊರತು ಎತ್ತರವನ್ನಲ್ಲ. ಅರೆಗಣ್ಣಿನ ಕಾವಲೆನ್ನೋಣ!

ಬಳಿಕ ನಮ್ಮ ದೇಶದಲ್ಲಿ ಡಿಕ್ಕಿ ತಪ್ಪಿಸುವ ಯಂತ್ರವು ಕಡ್ಡಾಯವಾಯಿತು. ಎರಡು ವಿಮಾನಗಳ ಯಂತ್ರಗಳು ರೇಡಿಯೋ ಅಲೆಗಳಿಂದ ಪರಸ್ಪರ ಪ್ರಶ್ನಿಸುತ್ತವೆ. ಉತ್ತರವು ಮರಳಲು ಹಿಡಿದ ಕಾಲದಿಂದ ದೂರವೂ, ಉತ್ತರದಲ್ಲಿ ಅಡಗಿದ ಸಂಕೇತದಿಂದ ಎತ್ತರವೂ ತಿಳಿಯುತ್ತವೆ. ಅಪಾಯವಿದ್ದರೆ ಒಬ್ಬ ಚಾಲಕನಿಗೆ ‘ಏರು’, ಇನ್ನೊಬ್ಬನಿಗೆ ‘ಇಳಿ’ ಎಂಬ ಆಜ್ಞೆ. ಇದರ ಉಪಕಾರವನ್ನು ನಾವು ಕನ್ನಡನಾಡಿನಲ್ಲಿಯೇ ಕಂಡಿದ್ದೇವೆ: 2018ರ ಜುಲೈ 10ರಂದು ಬೆಂಗಳೂರಿನ ವಾಯುವಲಯದಲ್ಲಿ ಎರಡು ವಿಮಾನಗಳ ಎತ್ತರದ ಅಂತರವು ಕೇವಲ 200 ಅಡಿಗೆ ಇಳಿದಿದ್ದಾಗ ಅವುಗಳನ್ನು ಬೇರ್ಪಡಿಸಿದ್ದು ಈ ಯಂತ್ರವೇ.