ಗುರುತು ಭಾಷೆ ಮತ್ತು ಗ್ರಂಥಸಂಪಾದನೆ: ಒಂದು ಪ್ರವೇಶ

ಪ್ರಾಚೀನ ಕೃತಿಯನ್ನು ಸಂಪಾದಿಸುವ ವಿದ್ವಾಂಸರು ಪಠ್ಯದೊಡನೆ ಹಲವು ಸಂಕೇತಗಳನ್ನೂ ಬಳಸುತ್ತಾರೆ. ತ್ರುಟಿತ ಭಾಗಕ್ಕೆ ಚುಕ್ಕಿಗಳು, ಊಹಿಸಿ ತುಂಬಿದ ಅಕ್ಷರಗಳಿಗೆ ಆವರಣಚಿಹ್ನೆ, ಪುಟದ ಅಡಿಯಲ್ಲಿ ಪಾಠಾಂತರ. ಇವು ಕವಿಯ ಮಾತುಗಳಲ್ಲ. ಪಠ್ಯವನ್ನು ಕುರಿತ ಸಂಪಾದಕರ ಹೇಳಿಕೆಗಳು. ಗಣಕಯಂತ್ರದಲ್ಲಿ ಇಂಥ ಹೇಳಿಕೆಗಳನ್ನು ದಾಖಲಿಸುವ ವ್ಯವಸ್ಥೆಯೇ ಮಾರ್ಕ್‌ಅಪ್ ಭಾಷೆ ಅಥವಾ ಗುರುತು ಭಾಷೆ. ಯಂತ್ರಕ್ಕೆ ಆದೇಶ ನೀಡುವ ಪ್ರೋಗ್ರಾಮಿಂಗ್ ಭಾಷೆಗಿಂತ ಇದು ಭಿನ್ನ; ಪಠ್ಯದ ಯಾವ ಭಾಗ ಏನೆಂಬುದನ್ನು ಮಾತ್ರ ಇದು ಸೂಚಿಸುತ್ತದೆ.

1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಜಿಎಂಎಲ್ ಎಂಬ ಭಾಷೆಯನ್ನು ರೂಪಿಸಿದರು. ಅದರಿಂದ ಬೆಳೆದ ಎಸ್‌ಜಿಎಂಎಲ್ 1986ರಲ್ಲಿ ಅಂತಾರಾಷ್ಟ್ರೀಯ ಮಾನಕವಾಯಿತು. ಜಾಲಪುಟಗಳ ಎಚ್‌ಟಿಎಂಎಲ್ ಇದರ ಮಾದರಿಯಲ್ಲಿ ಹುಟ್ಟಿತು. 1998ರಲ್ಲಿ ಪ್ರಕಟವಾದ ಎಕ್ಸ್‌ಎಂಎಲ್ ಇದರ ಸರಳೀಕೃತ ರೂಪ.

ಎಕ್ಸ್‌ಎಂಎಲ್‌ನ ನಿಯಮಗಳು ಕೆಲವೇ. ಕೋನಾವರಣದೊಳಗೆ ಬರೆದ ಹೆಸರಿಗೆ ಟ್ಯಾಗ್ ಎನ್ನುತ್ತಾರೆ. <ಪದ್ಯ> ಎಂದು ಆರಂಭಿಸಿದ್ದನ್ನು </ಪದ್ಯ> ಎಂದು ಮುಗಿಸಬೇಕು. ಒಳಗೆ ತೆರೆದ ಟ್ಯಾಗನ್ನು ಹೊರಗಿನದಕ್ಕಿಂತ ಮೊದಲು ಮುಚ್ಚಬೇಕು. ಹೆಸರುಗಳು ಕನ್ನಡ ಲಿಪಿಯಲ್ಲಿಯೂ ಇರಬಹುದು.

ಗುರುತುಗಳಲ್ಲಿ ರೂಪಸೂಚಕ ಹಾಗೂ ಅರ್ಥಸೂಚಕ ಎಂಬ ಭೇದ ಮುಖ್ಯವಾದುದು. ಊಹಾಪಾಠವನ್ನು ಕೇವಲ ಓರೆ ಅಕ್ಷರದಲ್ಲಿ ತೋರಿಸಿದರೆ, ಅಕ್ಷರವಿನ್ಯಾಸ ಬದಲಾದಾಗ ಆ ಸೂಚನೆ ಅಳಿದುಹೋಗಬಹುದು. ಆಗ ಸಂಪಾದಕರ ಊಹೆಯೇ ಕವಿಯ ಮಾತಾಗಿ ಮುಂದಿನವರಿಗೆ ತಲುಪುತ್ತದೆ. <ಊಹಾಪಾಠ> ಎಂದು ಗುರುತಿಸಿದ್ದರೆ ಅಕ್ಷರವಿನ್ಯಾಸ ಬದಲಾದರೂ ಅರ್ಥ ಉಳಿಯುತ್ತದೆ. ಒಂದು ಕೃತಿಯ ಊಹಾಪಾಠಗಳನ್ನೆಲ್ಲ ಒಟ್ಟಿಗೆ ಹುಡುಕಿ ಪರಿಶೀಲಿಸಲೂ ಸಾಧ್ಯ. 1987ರಲ್ಲಿ ಆರಂಭವಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್ ಯೋಜನೆಯ ಮಾರ್ಗದರ್ಶಿ ಸೂತ್ರಗಳಲ್ಲಿ ಪಾಠಾಂತರ, ತ್ರುಟಿತ ಭಾಗ, ಲಿಪಿಕಾರರ ತಿದ್ದುಪಡಿ ಮುಂತಾದುವುಗಳಿಗೆ ಪ್ರತ್ಯೇಕ ಗುರುತುಗಳಿವೆ.

ಈ ವ್ಯವಸ್ಥೆಗೆ ಮಿತಿಯೂ ಉಂಟು. ಷಟ್ಪದಿಯಲ್ಲಿ ಪದವೊಂದು ಒಂದು ಪಾದದ ಕೊನೆಯಲ್ಲಿ ಒಡೆದು ಮುಂದಿನ ಪಾದಕ್ಕೆ ಸಾಗುವುದು ಸಾಮಾನ್ಯ. ಪಾದಕ್ಕೂ ಪದಕ್ಕೂ ಟ್ಯಾಗ್ ಹಾಕಿದರೆ ಅವು ಒಂದನ್ನೊಂದು ಅಡ್ಡಹಾಯುತ್ತವೆ. ಎಕ್ಸ್‌ಎಂಎಲ್ ಇದನ್ನು ಒಪ್ಪದು. ಆಗ ಪಾದ ಮುರಿಯುವ ಸ್ಥಳದಲ್ಲಿ <ಪಾದಾಂತ್ಯ/> ಎಂಬಂಥ ಶೂನ್ಯ ಟ್ಯಾಗನ್ನು ಇರಿಸುವುದು ರೂಢಿ. ಛಂದಸ್ಸು ಮತ್ತು ವ್ಯಾಕರಣಗಳಲ್ಲಿ ಯಾವುದಕ್ಕೆ ಪ್ರಾಧಾನ್ಯ ಎಂಬ ನಿರ್ಣಯ ಇಲ್ಲಿ ಅನಿವಾರ್ಯವಾಗುತ್ತದೆ.

ಅಂತಹ ನಿರ್ಣಯವನ್ನು ಯಂತ್ರವು ಕೈಗೊಳ್ಳಲಾರದು. ಪಾಠನಿರ್ಣಯದ ಹೊಣೆ ಎಂದಿನಂತೆ ಸಂಪಾದಕರದೇ. ಆ ನಿರ್ಣಯವು ಮರೆಯಾಗದಂತೆ ಕಾಯುವುದಷ್ಟೇ ಗುರುತು ಭಾಷೆಯ ಕೆಲಸ.