ಆಯಿಲ್ ಪ್ರೆಶರ್ ಇಳಿದರೆ, ಎಂಜಿನ್ ಬಿಚ್ಚುವ ಮೊದಲು

ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ರಸ್ತೆಗಳಲ್ಲಿ ಹೊಸ ಟ್ರ್ಯಾಕ್ಟರ್‌ಗಳ ನಡುವೆ ಹಳೆಯ ಮೆಸ್ಸಿ 1035, ಮಹೀಂದ್ರಾ ಬಿ-275, ಎಚ್‌ಎಂಟಿ ಗಾಡಿಗಳೂ ಟ್ರಾಲಿ ಎಳೆಯುತ್ತವೆ. ಪಿಂಜೋರಿನಲ್ಲಿ 1971ರಲ್ಲಿ ಆರಂಭವಾದ ಎಚ್‌ಎಂಟಿ ಟ್ರ್ಯಾಕ್ಟರ್ ತಯಾರಿಕೆ ಈಗ ನಿಂತೇ ಹೋಗಿದೆ. ಗಾಡಿಗಳು ಮಾತ್ರ ಇನ್ನೂ ದುಡಿಯುತ್ತಿವೆ. ಇಂಥ ಗಾಡಿಯಲ್ಲಿ ಆಯಿಲ್ ಪ್ರೆಶರ್ ಮುಳ್ಳು ಕೆಳಗಿಳಿದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದೇ: "ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು." ಅದು ನಿಜವೂ ಇರಬಹುದು. ಆದರೆ ಅದು ಕೊನೆಗೆ ಬರಬೇಕಾದ ತೀರ್ಮಾನ, ಮೊದಲನೆಯದಲ್ಲ.

ಏಕೆಂದರೆ ಈ ಮುಳ್ಳು ಎಂಜಿನ್‌ನಲ್ಲಿ ಎಷ್ಟು ಎಣ್ಣೆ ಇದೆ ಎಂದು ಹೇಳುವುದಿಲ್ಲ. ಸಂಪಿನ ಎಣ್ಣೆಯನ್ನು ಗೇರ್ ಪಂಪು ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಳ್ಳುತ್ತದೆ. ಆ ಎಣ್ಣೆ ಬೇರಿಂಗ್‌ಗಳ ಸಣ್ಣ ಸಂದಿಗಳಿಂದ ಹೊರಬರಲು ಎಷ್ಟು ಅಡ್ಡಿ ಇದೆಯೋ ಅಷ್ಟು ಒತ್ತಡ ಏರುತ್ತದೆ. ಹೀಗಾಗಿ ಒತ್ತಡ ಇಳಿಯಲು ಮೂರೇ ದಾರಿ: ಪಂಪಿಗೆ ಎಣ್ಣೆ ಸಾಕಷ್ಟು ಸಿಗುತ್ತಿಲ್ಲ ಅಥವಾ ಪಂಪು ತಳ್ಳುತ್ತಿಲ್ಲ, ಎಣ್ಣೆ ತೆಳುವಾಗಿದೆ, ಇಲ್ಲವೇ ಎಣ್ಣೆ ಬೇಕಾದ್ದಕ್ಕಿಂತ ಸುಲಭವಾಗಿ ಹೊರಹೋಗುತ್ತಿದೆ.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಓದುವ ಸ್ನಿಗ್ಧತೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸಾಮಾನ್ಯ 15ಡಬ್ಲ್ಯು-40 ಎಣ್ಣೆ 40 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಅದರ ಸ್ನಿಗ್ಧತೆ ಸುಮಾರು ಏಳನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೊಂದು ನಿಯಮ ಇನ್ನೂ ಕಟ್ಟುನಿಟ್ಟು: ಕಿರಿದಾದ ಸಂದಿಯಲ್ಲಿ ಹರಿವು ಸಂದಿಯ ಅಗಲದ ಘನಕ್ಕೆ ಅನುಗುಣ. ಸಂದಿ ಎರಡು ಪಟ್ಟಾದರೆ, ಅದೇ ಒತ್ತಡದಲ್ಲಿ ಎಂಟು ಪಟ್ಟು ಎಣ್ಣೆ ಸೋರುತ್ತದೆ. ಬೇರಿಂಗ್ ಕೂದಲೆಳೆಯಷ್ಟು ಸವೆದರೂ ಮುಳ್ಳು ಇಳಿಯುವುದು ಇದಕ್ಕೇ.

ಪರೀಕ್ಷೆಯನ್ನು ಖರ್ಚಿಲ್ಲದ ಕೆಲಸದಿಂದ ಆರಂಭಿಸಬೇಕು. ಮುಳ್ಳು ಇಳಿದ ಕೂಡಲೇ ಎಂಜಿನ್ ನಿಲ್ಲಿಸಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ತೆಗೆದು ನೋಡಿ. ಮಟ್ಟ ಕಡಿಮೆಯಿದ್ದರೆ ಸೋರಿಕೆ ಹುಡುಕಿ. ಮಟ್ಟ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಎಣ್ಣೆಗೆ ಡೀಸೆಲ್ ಸೇರಿದೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ಎರಡನೆಯದು ಮೀಟರಿನ ಮೇಲೆಯೇ ಅನುಮಾನ. ಹಳೆಯ ಗಾಡಿಯ ಮೀಟರು, ಅದರ ಸಣ್ಣ ಪೈಪು, ಸೆನ್ಸರು ಕೆಟ್ಟಿರುವುದು ಅಪರೂಪವಲ್ಲ. ಅದೇ ತೂತಿಗೆ ಬೇರೆ ಒಳ್ಳೆಯ ಮೀಟರನ್ನು ನೇರವಾಗಿ ಕೂರಿಸಿ ನಾಲ್ಕು ಅಂಕಿ ಬರೆದುಕೊಳ್ಳಬೇಕು: ತಣ್ಣಗಿದ್ದಾಗ ಮತ್ತು ಪೂರ್ತಿ ಕಾದಾಗ, ಎರಡೂ ಸಲ ಸ್ಲೋನಲ್ಲಿ ಒಮ್ಮೆ, ರೇಸ್ ಕೊಟ್ಟು ಒಮ್ಮೆ. ಕೆಲಸದ ವೇಗದಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎಂಬುದು ಮಿಸ್ತ್ರಿಗಳ ಅಂದಾಜು. ನಿಖರವಾದ ಮಿತಿಗೆ ಕಂಪನಿಯ ಕೈಪಿಡಿಯನ್ನೇ ನೋಡಬೇಕು.

ಈ ನಾಲ್ಕು ಅಂಕಿಗಳೇ ದಾರಿ ತೋರಿಸುತ್ತವೆ. ತಣ್ಣಗಿದ್ದಾಗಲೂ ಕಾದಾಗಲೂ ಒತ್ತಡ ಕಡಿಮೆಯಿದ್ದರೆ ರಿಲೀಫ್ ವಾಲ್ವ್ ನೋಡಿ. ಅದರಡಿ ಕಸ ಸಿಕ್ಕಿರಬಹುದು, ಸ್ಪ್ರಿಂಗ್ ಸೋತಿರಬಹುದು. ಇಲ್ಲವೇ ಪಂಪಿನ ಗೇರು ಸವೆದಿರಬಹುದು. ಮುಳ್ಳು ನಡುಗಿದರೆ ಅಥವಾ ಏರಿನಲ್ಲಿ ಮಾತ್ರ ಬಿದ್ದರೆ ಎಣ್ಣೆ ಎಳೆಯುವ ಪೈಪಿನಲ್ಲಿ ಗಾಳಿ, ಸಂಪಿನ ಜಾಲರಿಯಲ್ಲಿ ಕೆಸರು. ತಣ್ಣಗಿದ್ದಾಗ ಸರಿಯಿದ್ದು ಕಾದ ಮೇಲೆ ಇಳಿದರೆ ಮಾತ್ರ ಎಣ್ಣೆ ತೆಳುವಾಗಿದೆ ಅಥವಾ ಬೇರಿಂಗ್ ಸವೆದಿದೆ. ಜೊತೆಗೆ ಕೆಳಗಿನಿಂದ ದಪ್ಪನೆಯ ಬಡಿತ ಕೇಳಿ, ಎಣ್ಣೆಯಲ್ಲಿ ತಾಮ್ರದ ಮಿನುಗು ಕಂಡರೆ ಇನ್ನು ತಡಮಾಡದೆ ಎಂಜಿನ್ ಬಿಚ್ಚಲೇಬೇಕು.

ಹೋದ ಹಂಗಾಮಿನಲ್ಲಿ ನಮ್ಮ ಮನೆಯ ಮೆಸ್ಸಿ 1035ಕ್ಕೆ ಇದೇ ತೊಂದರೆ ಬಂತು. ಕಬ್ಬು ಕಟಾವಿಗೆ ಸರದಿ ಬಂದಿತ್ತು, ಒಬ್ಬರು ಪೂರ್ತಿ ಎಂಜಿನ್ ಕೆಲಸ ಹೇಳಿದ್ದರು. ಅಬ್ಬಾ ಸಾಲಕ್ಕೆ ಯಾರನ್ನು ಕೇಳುವುದೆಂದು ಲೆಕ್ಕ ಹಾಕತೊಡಗಿದ್ದರು. ನಮ್ಮ ಓಣಿಯ ಹಿರಿಯ ಮಿಸ್ತ್ರಿ ಬಂದು ಮೊದಲು ಡಿಪ್‌ಸ್ಟಿಕ್ ಮೂಸಿದರು. ಎಣ್ಣೆಯ ಮಟ್ಟ ಗುರುತಿಗಿಂತ ಬೆರಳಗಲ ಮೇಲಿತ್ತು! ಎಂಜಿನ್ ಪಕ್ಕದ ಡೀಸೆಲ್ ಲಿಫ್ಟ್ ಪಂಪಿನ ರಬ್ಬರ್ ಪದರ ಹರಿದು ಡೀಸೆಲ್ ಒಳಗೆ ಸೋರುತ್ತಿತ್ತು. ಪದರ, ಎಣ್ಣೆ, ಫಿಲ್ಟರ್ ಬದಲಿಸಿ, ಪೂರ್ತಿ ಕಾಯಿಸಿ ಮತ್ತೆ ಅಳೆದರು. ಒತ್ತಡ ಸರಿಯಾಗಿತ್ತು. ಎಂಜಿನ್ ಬಿಚ್ಚಲಿಲ್ಲ, ಸಾಲವನ್ನೂ ಮಾಡಲಿಲ್ಲ.

ಎರಡು ಎಚ್ಚರಿಕೆಗಳು. ದಪ್ಪ ಎಣ್ಣೆ ಸುರಿದು ಮುಳ್ಳನ್ನು ಮೇಲೇರಿಸುವುದು ರಿಪೇರಿಯಲ್ಲ. ಜ್ವರ ಬಂದವನಿಗೆ ಥರ್ಮಾಮೀಟರ್ ಬದಲಿಸಿದ ಹಾಗೆ. ಗಾಡಿ ಮಾರುವ ಮೊದಲು ಹೀಗೆ ಮಾಡಿದರೆ ಅದು ಕೊಳ್ಳುವವನಿಗೆ ಮಾಡುವ ಮೋಸ. ಇನ್ನು, ತೆಗೆದ ಹಳೆಯ ಎಣ್ಣೆಯನ್ನು ಗಟಾರಕ್ಕೋ ಗದ್ದೆಗೋ ಚೆಲ್ಲಬೇಡಿ. ಡಬ್ಬಿಯಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ನಮ್ಮಲ್ಲಿ ಅನೇಕರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಇವತ್ತು ಸಂಜೆ ಎಂಜಿನ್ ತಣ್ಣಗಿರುವಾಗ ಒಮ್ಮೆ, ಕೆಲಸ ಮುಗಿಸಿ ಬಂದಾಗ ಒಮ್ಮೆ ಮುಳ್ಳು ಎಲ್ಲಿದೆ ನೋಡಿ, ತಾರೀಖು ಹಾಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಗಾಡಿ ಚೆನ್ನಾಗಿದ್ದಾಗಿನ ಅಂಕಿ ಕೈಯಲ್ಲಿದ್ದರೆ, ಕೆಟ್ಟಾಗ ಯಾರ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ.