ತಾಪಮಾಪಕ ತೋರಿಸದ ಉಷ್ಣ

ಒಲೆಯ ಮೇಲಿಟ್ಟ ವಸ್ತುವಿಗೆ ಉಷ್ಣ ಸೇರುತ್ತಾ ಹೋದಂತೆ ಅದರ ತಾಪವೂ ಏರುತ್ತಲೇ ಹೋಗಬೇಕೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದು ಅರ್ಧ ಸತ್ಯ ಮಾತ್ರವೆಂಬುದನ್ನು ಬೆಳಗಾವಿಯ ಸುತ್ತಲಿನ, ಕಾಕತಿಯಿಂದ ಖಾನಾಪುರದವರೆಗಿನ ಸೀಮೆಯ ಕಸುಬುಗಳೇ ತೋರಿಸಿಕೊಡುತ್ತವೆ.

ಒಂದು ಕಿಲೋಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಉಷ್ಣಕ್ಕೆ ಆ ವಸ್ತುವಿನ ವಿಶಿಷ್ಟೋಷ್ಣವೆಂದು ಹೆಸರು. ನೀರಿಗೆ ಇದು ಸುಮಾರು 4.2 ಕಿಲೋಜೂಲ್ ಆದರೆ ಕಬ್ಬಿಣಕ್ಕೆ ಕೇವಲ 0.45 ಆಗಿರುವುದರಿಂದ, ಬಾಣಲೆ ಬೇಗನೆ ಕಾಯ್ದರೂ ಅದರೊಳಗಿನ ಹಾಲು ನಿಧಾನವಾಗಿ ಬಿಸಿಯಾಗುತ್ತದೆ. ಘನವು ದ್ರವವಾಗುವಾಗ ಅಥವಾ ದ್ರವವು ಆವಿಯಾಗುವಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಆಗ ಉಷ್ಣವೆಲ್ಲ ಕಣಗಳ ಬಂಧವನ್ನು ಸಡಿಲಿಸಲು ವ್ಯಯವಾಗಿ, ತಾಪವು ಇದ್ದಲ್ಲಿಯೇ ನಿಲ್ಲುತ್ತದೆ. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋದಲ್ಲಿದ್ದ ಜೋಸೆಫ್ ಬ್ಲ್ಯಾಕ್ ಗುರುತಿಸಿದ ಈ ಉಷ್ಣವೇ ಗುಪ್ತೋಷ್ಣ. ಒಂದು ಕಿಲೋಗ್ರಾಂ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಸಾಕಾದರೆ, ಕುದಿಯುವ ಅಷ್ಟೇ ನೀರು ಆವಿಯಾಗಲು ಸುಮಾರು 2,260 ಕಿಲೋಜೂಲ್ ಬೇಕು.

ಬೆಳಗಾವಿಯ ಹೆಸರಾದ ಹಾಲಿನ ಸಿಹಿತಿಂಡಿ ಕುಂದಾ ಈ ಲೆಕ್ಕದ ಮೇಲೆಯೇ ನಿಂತಿದೆ. ಹಾಲಿನಲ್ಲಿ ಶೇಕಡ 87ರಷ್ಟು ನೀರೇ ಇರುವುದರಿಂದ, 30 ಡಿಗ್ರಿಯಲ್ಲಿರುವ ಒಂದು ಲೀಟರ್ ಹಾಲನ್ನು ಕುದಿಸಲು ಸುಮಾರು 275 ಕಿಲೋಜೂಲ್ ಸಾಕಾದರೂ, ಅದರಲ್ಲಿನ 800 ಗ್ರಾಂ ನೀರನ್ನು ಆವಿಯಾಗಿಸಲು ಸುಮಾರು 1,800 ಕಿಲೋಜೂಲ್ ತಗಲುತ್ತದೆ. ಸಾಕಷ್ಟು ನೀರಿರುವವರೆಗೆ ಹಾಲಿನ ತಾಪ 100 ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ಉರಿ ಹೆಚ್ಚಿಸಿದರೆ ಆವಿ ಬೇಗ ಏಳುತ್ತದೆ, ತಳ ಹತ್ತುವ ಭಯವೂ ಹೆಚ್ಚುತ್ತದೆ, ಹಾಲು ಮಾತ್ರ ಅದಕ್ಕಿಂತ ಹೆಚ್ಚು ಬಿಸಿಯಾಗದು. ನೀರು ಬಹುಪಾಲು ಹೋಗಿ ಖೋವಾ ಗಟ್ಟಿಯಾದ ಮೇಲೆಯೇ ತಾಪವು ಮೇಲೇರಿ, ಸಕ್ಕರೆ ಮತ್ತು ಹಾಲಿನ ಪ್ರೋಟೀನುಗಳು ಕೂಡಿ ಕುಂದಾಕ್ಕೆ ಕಂದುಬಣ್ಣವೂ ಘಮವೂ ಬರುತ್ತವೆ. ಕೊನೆಯ ಹಂತದಲ್ಲಿ ಸೌಟು ನಿಲ್ಲಿಸದೆ ತಿರುವಬೇಕಾಗುವುದು ಇದೇ ಕಾರಣಕ್ಕೆ.

ಬೆಳಗಾವಿಯದೇ ಆದ ಉದ್ಯಮಬಾಗದ ಫೌಂಡ್ರಿಗಳಲ್ಲಿ ಇದೇ ನಿಯಮ ಹಿಮ್ಮುಖವಾಗಿ ನಡೆಯುತ್ತದೆ. ಅಚ್ಚಿಗೆ ಸುರಿದ ಬೀಡುಕಬ್ಬಿಣ ಸುಮಾರು 1,150 ಡಿಗ್ರಿಯ ಹತ್ತಿರ ಹೆಪ್ಪುಗಟ್ಟುವಾಗ ತನ್ನ ಗುಪ್ತೋಷ್ಣವನ್ನು ಹೊರಬಿಡುತ್ತದೆ. ತೆಳುವಾದ ಭಾಗ ಆ ಉಷ್ಣವನ್ನು ಬೇಗ ಕಳೆದುಕೊಂಡು ಮೊದಲು ಗಟ್ಟಿಯಾಗುತ್ತದೆ. ದಪ್ಪ ಭಾಗ ಕೊನೆಗೆ ಗಟ್ಟಿಯಾಗಿ ಕುಗ್ಗುವಾಗ ಪೂರೈಸಲು ದ್ರವ ಸಿಗದೆ ಒಳಗೆ ಪೊಳ್ಳು ಉಂಟಾಗಬಹುದು. ಆದ್ದರಿಂದಲೇ ಎರಕಕ್ಕಿಂತ ತಡವಾಗಿ ಹೆಪ್ಪುಗಟ್ಟುವ, ರೈಸರ್ ಎಂಬ ಹೆಚ್ಚುವರಿ ಲೋಹದ ಕಂಬವನ್ನು ಅಚ್ಚಿನಲ್ಲಿ ಅಳವಡಿಸುತ್ತಾರೆ.

ಖಾನಾಪುರದ ಕುಂಬಾರಿಕೆಯಲ್ಲಿ ಎಚ್ಚರ ಇನ್ನೊಂದು ಬಗೆಯದು. ಮಡಕೆಯ ಗೋಡೆಯಲ್ಲಿ ತೇವ ಉಳಿದಿರುವಾಗಲೇ ಅದನ್ನು ಭರದಿಂದ ಸುಟ್ಟರೆ, ನೀರು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಲೆಳಸಿ ಮಡಕೆಯನ್ನು ಒಡೆಯುತ್ತದೆ. ಆದ್ದರಿಂದ ನಿಧಾನವಾಗಿ ಒಣಗಿಸುವುದು ಅನಿವಾರ್ಯ.

ಗುಪ್ತೋಷ್ಣವನ್ನು ಸೂತ್ರವಾಗಿ ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಈ ಬಾಣಲೆ, ಅಚ್ಚು ಮತ್ತು ಆವಿಗೆಗಳನ್ನು ತೋರಿಸಿದರೆ, ಇಂಧನದ ದೊಡ್ಡ ಪಾಲು ಎಲ್ಲಿ ಖರ್ಚಾಗುತ್ತದೆಂಬುದೂ ಕಸುಬುದಾರರ ತಾಳ್ಮೆಯ ಹಿಂದೆ ಎಷ್ಟು ಖಚಿತವಾದ ವಿಜ್ಞಾನವಿದೆಯೆಂಬುದೂ ಒಟ್ಟಿಗೆ ಮನವರಿಕೆಯಾಗುತ್ತವೆ.